ಆಣೆ ಮಾಡಿದ ಮರುವಾರ

ನರೋಣಾ ಸೀಮೆಯಲ್ಲಿ ಕುಡಿತ ಬಿಡಿಸುವ ದೇವರಿಗೆ ಬರವಿಲ್ಲ. ಆಳಂದ ತಾಲ್ಲೂಕಿನ ಈ ಹೋಬಳಿ ಊರಿನಿಂದ ಯಾವ ದಿಕ್ಕಿಗೆ ಹೊರಟರೂ ಆಣೆ ಮಾಡುವ ಜಾಗವೊಂದು ಸಿಗುತ್ತದೆ. ಆಳಂದದಲ್ಲಿ ಲಾಡ್ಲೆ ಮಶಾಕ್ ದರ್ಗಾ ಇದೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ ದತ್ತನ ಪಾದುಕೆ, ಕಲಬುರಗಿಯಲ್ಲಿ ಶರಣಬಸವೇಶ್ವರರ ಗುಡಿ. ಗಡಿ ದಾಟಿದರೆ ಅಕ್ಕಲಕೋಟೆ, ತುಳಜಾಪುರ, ಇನ್ನೂ ಆಚೆ ಪಂಢರಪುರ. ವಿಠ್ಠಲನ ತುಳಸಿ ಮಾಲೆ ಕೊರಳಿಗೆ ಬಿತ್ತೆಂದರೆ ಮಾಂಸ, ಮದ್ಯ ಎರಡನ್ನೂ ಬಿಟ್ಟಂತೆ. ಇಷ್ಟು ದೂರ ಹೋಗಲಾಗದವರ ಕೈಯನ್ನು ಮನೆಯವರೇ ಮಗುವಿನ ನೆತ್ತಿಯ ಮೇಲೆ ಇಡಿಸುತ್ತಾರೆ.

ಈ ಆಣೆಗಳನ್ನು ಸುಳ್ಳು ಎನ್ನಬೇಡಿ. ಮಾಡುವ ಹೊತ್ತಿಗೆ ಆತ ನಿಜವಾಗಿಯೇ ಮಾಡಿರುತ್ತಾನೆ. ತೊಡಕು ಬರುವುದು ಮುಂದಿನ ಸಂತೆಯ ದಿನ, ಬೀಗರ ಮನೆಯ ಮದುವೆಯ ಹಿಂದಿನ ರಾತ್ರಿ, ಇಲ್ಲವೇ ತೊಗರಿ ರಾಶಿ ಮುಗಿದು ಅಡತಿ ಅಂಗಡಿಯಿಂದ ರೊಕ್ಕ ಕೈಗೆ ಬಂದ ಸಂಜೆ. ಅವತ್ತು ದೇವರು ಗುಡಿಯಲ್ಲಿರುತ್ತಾನೆ, ಡಾಕ್ಟರು ಕಲಬುರಗಿಯಲ್ಲಿರುತ್ತಾರೆ, ಹೆಂಡತಿಯ ಮಾತು ಕೇಳಿ ಕೇಳಿ ಕಿವಿಗೆ ತಾಕದಂತಾಗಿರುತ್ತದೆ. ಆ ಸಂಜೆಗೆ ಬೇಕಾದವನು ಬೇರೆಯೇ ಒಬ್ಬ. ತಾನೂ ಕುಡಿದು, ಹೊಲ ಒತ್ತೆ ಇಟ್ಟು, ಗಟಾರದ ದಂಡೆಗೆ ಬಿದ್ದು, ಎದ್ದು ಬಂದವನು. "ತಮ್ಮಾ, ಇವತ್ತೊಂದಿನ ಬ್ಯಾಡ. ನಾಳಿದು ನಾಳಿಗೆ ನೋಡೂಣು" ಎಂದು ಅವನು ಹೇಳಿದರೆ ಅದು ಬುದ್ಧಿವಾದ ಅನ್ನಿಸುವುದಿಲ್ಲ. ಹೇಳುವವನ ಕೈ ಹಿಂದೆ ಹೇಗೆ ನಡುಗುತ್ತಿತ್ತು ಎಂಬುದನ್ನು ಕೇಳುವವನು ಕಣ್ಣಾರೆ ಕಂಡಿರುತ್ತಾನೆ.

ಉತ್ತರ ಕರ್ನಾಟಕದಲ್ಲಿ ವ್ಯಸನ ಬಿಡಿಸುವ ಕೆಲಸ ಎಂದ ಕೂಡಲೇ ಮೊದಲು ನೆನಪಾಗುವುದು ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ಜೋಳಿಗೆ ಹೆಗಲಿಗೆ ಹಾಕಿಕೊಂಡು ಕೇರಿ ಕೇರಿಗೆ ಹೊರಟರು. ಕೇಳಿದ್ದು ಜೋಳವಲ್ಲ, ರೊಕ್ಕವಲ್ಲ; ನಿಮ್ಮ ಚಟವನ್ನು ಇದರಲ್ಲಿ ಹಾಕಿ ಎಂದರು. ಬೀಡಿ ಕಟ್ಟು, ಗುಟಖಾ ಚೀಟಿ, ಸಾರಾಯಿಯ ಚಟ ಎಲ್ಲವೂ ಆ ಜೋಳಿಗೆಗೆ ಬಿದ್ದವು. ಮಠದ ಸ್ವಾಮಿಯೊಬ್ಬರು ದಲಿತರ ಓಣಿಗೆ ಹೋಗಿ ಅವರ ಮುಂದೆ ಕೈಯೊಡ್ಡಿ ನಿಂತರು ಎಂಬುದೇ ಆ ಕಾಲಕ್ಕೆ ದೊಡ್ಡ ಸುದ್ದಿ. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಅದೇ ಸರ್ಕಾರ 2025-26ಕ್ಕೆ ಅಬಕಾರಿಯಿಂದ 40,000 ಕೋಟಿ ರೂಪಾಯಿ ವಸೂಲಿಯ ಗುರಿ ಇಟ್ಟುಕೊಂಡಿತ್ತು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ, ವ್ಯಾಖ್ಯಾನ ಬೇಡ.

ಶರಣರ ನೆಲದಲ್ಲಿ ಇದಕ್ಕೆ ಹಳೆಯ ಬೇರೂ ಇದೆ. ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಕಾಯಕವೇ ಹೆಂಡ ಮಾರುವುದು. ಧರ್ಮೇಶ್ವರಲಿಂಗ ಎಂಬುದು ಅವನ ಅಂಕಿತ. ಕೊಳ್ಳಲು ಬಂದವರಿಗೇ ಕುಡಿಯಬೇಡಿ ಎನ್ನುತ್ತಿದ್ದನೆಂದು ಪ್ರತೀತಿ. ಆ ಕಸುಬಿನ ಒಳಹೊರಗು ಬಲ್ಲವನೇ ಆ ಮಾತು ಹೇಳಿದ ಎಂಬುದಷ್ಟೇ ನಮಗೆ ಮುಖ್ಯ.

ಆದರೆ ಜೋಳಿಗೆಯ ಬಲ ಇರುವುದು ಮೊದಲ ದಿನದಲ್ಲಿ. ಸ್ವಾಮಿಗಳು ಮುಂದಿನ ಊರಿಗೆ ಹೋಗುತ್ತಾರೆ. ಉಳಿದವನ ಜೊತೆ ವಾರ ವಾರ ಕೂರುವವರು ಯಾರು? ಈ ಪ್ರಶ್ನೆಗೆ ಗಟ್ಟಿ ಉತ್ತರ ಕೊಟ್ಟವರು ಇಬ್ಬರು ಕುಡುಕರು. 1935ರ ಮೇ ತಿಂಗಳಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ವಿಲ್ಸನ್ ಅಮೆರಿಕದ ಓಹಾಯೊ ರಾಜ್ಯದ ಆಕ್ರನ್ ಊರಿನ ಹೋಟೆಲೊಂದರಲ್ಲಿ ಒಬ್ಬನೇ ಇದ್ದ. ಬಂದ ವ್ಯವಹಾರ ಕೈಕೊಟ್ಟಿತ್ತು. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದವು, ಬಾರ್ ಅಲ್ಲೇ ಇತ್ತು. ಆತ ಊರಿನ ಚರ್ಚುಗಳಿಗೆ ಫೋನು ಮಾಡಿ ವಿಚಾರಿಸಿದ್ದು ತನ್ನನ್ನು ಉಳಿಸುವವರನ್ನಲ್ಲ, ತಾನು ಮಾತಾಡಿಸಬಹುದಾದ ಇನ್ನೊಬ್ಬ ಕುಡುಕನನ್ನು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಹದಿನೈದು ನಿಮಿಷ ಕೂತು ಎದ್ದುಬಿಡುತ್ತೇನೆ ಎಂದುಕೊಂಡು ಬಂದ ಬಾಬ್ ತಾಸುಗಟ್ಟಲೆ ಕೂತರು. ಬಾಬ್ ಕಡೆಯ ಸಲ ಕುಡಿದದ್ದು ಅದೇ ಜೂನ್ 10ಕ್ಕೆ ಎನ್ನುತ್ತಾರೆ. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ., ತನ್ನ ಹುಟ್ಟಿದ ದಿನವೆಂದು ಇಟ್ಟುಕೊಂಡಿದೆ.

ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಬಿಲ್‌ನ ಸ್ವಾರ್ಥ. ಇನ್ನೊಬ್ಬನನ್ನು ಉದ್ಧಾರ ಮಾಡಲು ಆತ ಹೋಗಲಿಲ್ಲ. ಆ ರಾತ್ರಿ ತಾನು ಕುಡಿಯದೆ ಇರಲು ಇನ್ನೊಬ್ಬ ಬೇಕಾಗಿದ್ದ. ಬಿಟ್ಟವನು ಬಿಡುವವನಿಗೆ ಉಪಕಾರ ಮಾಡುತ್ತಾನೆ ಎಂದು ನಾವು ಊಹಿಸುತ್ತೇವೆ. ಲೆಕ್ಕ ತಿರುಗಿ ಹಾಕಿ ನೋಡಿ: ಹೊಸಬ ಬಂದು ಎದುರಿಗೆ ಕೂತಾಗ ಹಳಬನಿಗೆ ತನ್ನ ಮೊದಲ ದಿನ ಮತ್ತೆ ಕಾಣುತ್ತದೆ. ಅದು ಕಾಣುತ್ತಿರುವವರೆಗೂ ಆತ ಗೆಲ್ಲುತ್ತಿರುತ್ತಾನೆ. ಇಂಥ ಸಭೆಗಳು ಬರೀ ನಂಬಿಕೆಯ ಮಾತೂ ಅಲ್ಲ. 2020ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ಪರಾಮರ್ಶೆ 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಒಟ್ಟಿಗೆ ತೂಗಿತು. ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಎ.ಎ. ದಾರಿ ಹಿಡಿಸುವ ಕ್ರಮ ಉಳಿದ ಹೆಸರಾಂತ ಮನೋಚಿಕಿತ್ಸೆಗಳಿಗಿಂತ ಕಡಿಮೆಯೇನಿಲ್ಲ, ಹಲವು ಕಡೆ ಮೇಲೇ ಎಂದು ಕಂಡುಬಂತು.

ಕರ್ನಾಟಕದ ಹಳ್ಳಿಗಳಲ್ಲಿ ಇದರ ದೇಸಿ ರೂಪ ನೋಡಬೇಕೆಂದರೆ ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಎಂಟು ದಿನದ ಶಿಬಿರ, ಊರಿನ ಕಲ್ಯಾಣ ಮಂಟಪವೋ ಸಮುದಾಯ ಭವನವೋ ಜಾಗ. ವ್ಯಾಯಾಮ, ಭಜನೆ, ಆಪ್ತಸಲಹೆ, ಕಡೆಗೆ ಮನೆಯವರನ್ನು ಕರೆಸಿ ಕೂಡಿಸುವುದು. ಪತ್ರಿಕೆಗಳಲ್ಲಿ ಫೋಟೊ ಬರುವುದು ಈ ಎಂಟು ದಿನಗಳದ್ದು. ನನ್ನ ಎಣಿಕೆಯಲ್ಲಿ ಅದಕ್ಕಿಂತ ದೊಡ್ಡದು ಆಮೇಲೆ ಕಟ್ಟುವ ನವಜೀವನ ಸಮಿತಿ. ಶಿಬಿರ ಮುಗಿಸಿದವರೇ ಅದರ ಸದಸ್ಯರು, ಅವರೇ ಒಬ್ಬರ ಮನೆಗೊಬ್ಬರು ಹೋಗಿ ವಿಚಾರಿಸುವವರು. ಮುಂದಿನ ಶಿಬಿರಕ್ಕೆ ಊರಿನ ಇನ್ನೊಬ್ಬನನ್ನು ಒಪ್ಪಿಸಿ ಕರೆತರುವವರೂ ಅವರೇ. ಕುಡಿದು ಕಳೆದ ವರ್ಷಗಳು ಅಲ್ಲಿ ನಾಚಿಕೆಯ ಗಂಟಾಗಿ ಉಳಿಯದೆ ಅನುಭವವಾಗಿ ಚಲಾವಣೆಗೆ ಬರುತ್ತವೆ.

ಜೋಳಿಗೆಗೂ ಎ.ಎ.ಗೂ ನಡುವೆ ಒಂದು ಜಗಳವಿದೆ, ಅದನ್ನು ಮುಚ್ಚಿಡಬಾರದು. ಎ.ಎ.ಯಲ್ಲಿ ಮನೆತನದ ಹೆಸರು ಹೇಳಬೇಕಾಗಿಲ್ಲ, ಒಳಗಿನ ಮಾತು ಹೊರಗೆ ಹೋಗುವಂತಿಲ್ಲ. ಜೋಳಿಗೆ ನಡೆಯುವುದು ನಾಲ್ಕು ಮಂದಿಯ ಎದುರಿಗೆ. ನರೋಣಾದಂಥ ಊರಲ್ಲಿ ಹೆಸರು ಮುಚ್ಚಿಡುವುದೆಂದರೆ ತಮಾಷೆಯ ಮಾತು. ಸಮುದಾಯ ಭವನದ ಮುಂದೆ ಯಾರ ಚಪ್ಪಲಿ ಬಿಟ್ಟಿವೆ ಎಂದು ನೋಡಿದರೆ ಒಳಗೆ ಕೂತವರ ಯಾದಿ ಸಿದ್ಧ. ಆದರೂ ಗುಟ್ಟಿಗೆ ಇಲ್ಲಿ ಬೆಲೆ ಇಲ್ಲವೆಂದಲ್ಲ. ಕುಡಿಯುತ್ತಿದ್ದ ಸಂಗತಿ ಊರಿಗೆಲ್ಲ ಗೊತ್ತಿರುತ್ತದೆ. ಕುಡಿದಾಗ ಮನೆಯಲ್ಲಿ ಏನು ಮಾಡಿದೆ, ಯಾರ ತಾಳಿ ಒತ್ತೆ ಇಟ್ಟೆ, ಯಾವ ಮಗ ಮಾತು ಬಿಟ್ಟ ಎಂಬುದು ಗೊತ್ತಿರುವುದಿಲ್ಲ. ಆ ಎರಡನೆಯ ಪದರನ್ನು ಬಿಚ್ಚಲು ಕದ ಹಾಕಿದ ಕೋಣೆ ಬೇಕು. ವೇದಿಕೆ, ಮೈಕು, ಹಾರ, ಶಾಸಕರ ಭಾಷಣ ಇದ್ದ ಕಡೆ ಯಾರೂ ಅದನ್ನು ಬಿಚ್ಚುವುದಿಲ್ಲ. ಬಿಟ್ಟವನಿಗೆ ಶಾಲು ಹೊದಿಸುವುದು ನನಗೆ ಭಯ ಹುಟ್ಟಿಸುತ್ತದೆ. ನಾಳೆ ಅವನು ಒಂದು ಸಲ ಜಾರಿದರೆ ಆ ಶಾಲು ಹೊದ್ದ ಊರಿನಲ್ಲೇ ತಲೆ ಎತ್ತಿ ಸಮಿತಿಗೆ ಮರಳಿ ಬರಲಾರ. ಜಾರುವುದು ಈ ರೋಗದಲ್ಲಿ ಅಪರೂಪವೂ ಅಲ್ಲ.

ರೋಗ ಎಂಬ ಮಾತನ್ನು ಬೇಕೆಂದೇ ಬಳಸಿದೆ. ವರ್ಷಗಟ್ಟಲೆ ದಿನವೂ ಕುಡಿದವನು ಆಣೆ ಮಾಡಿ ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಕ, ಬೆವರು, ನಿದ್ದೆಗೇಡು ಶುರುವಾಗುತ್ತದೆ. ಒಂದೆರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನಕ್ಕೆ ಇಲ್ಲದ ಹುಳು, ಹಾವು, ಜನ ಕಂಡು ಬಡಬಡಿಸತೊಡಗಿದರೆ ಅದು ಗಾಳಿ ಸೋಕಿದ್ದಲ್ಲ, ಪ್ರಾಣಕ್ಕೆ ಬಂದ ಹೊತ್ತು. ಬಿ1 ಜೀವಸತ್ವ ಕೊಟ್ಟು, ನರಗಳನ್ನು ಶಾಂತಗೊಳಿಸುವ ಮಾತ್ರೆಯನ್ನು ಹಂತ ಹಂತವಾಗಿ ಇಳಿಸುವ ಕೆಲಸ ಡಾಕ್ಟರರದ್ದು. ಬಿಟ್ಟ ಹಳಬ ಇಲ್ಲಿ ಮಾಡಬೇಕಾದದ್ದು ಇಷ್ಟೇ: ಗುರುತು ಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದು. ಗಾಣಗಾಪುರಕ್ಕೆ ಆಮೇಲೆ ಹೋದರಾಯಿತು. ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುವ 'ಮನೋಚೈತನ್ಯ' ವ್ಯವಸ್ಥೆ ಇದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು. ವ್ಯಸನಕ್ಕೇ ಮೀಸಲಾದ ರಾಷ್ಟ್ರೀಯ ಸಹಾಯವಾಣಿ 14446. ಆದರೂ ಏಮ್ಸ್ ನಡೆಸಿಕೊಟ್ಟು 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ಪೂರ್ತಿ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನರನ್ನು ಮೊದಲು ತಲುಪುವುದು ಡಾಕ್ಟರು ಎಂದು ನನಗನ್ನಿಸುವುದಿಲ್ಲ.

ಕುಡಿತದ ಮಾತೇ ಹೆಚ್ಚಾಯಿತು. ಇದೇ ನಂಟು ಬೇರೆ ರೋಗಗಳಲ್ಲೂ ದುಡಿಯುತ್ತದೆ. ಕ್ಷಯದ ಮಾತ್ರೆ ಶುರು ಮಾಡಿದವನ ಮೂತ್ರ ಕೆಂಪಗೆ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದು ರಿಫಾಂಪಿಸಿನ್ ಔಷಧದ ಬಣ್ಣ, ಅಪಾಯವಿಲ್ಲ. ಆಸ್ಪತ್ರೆಯಲ್ಲಿ ಹೇಳಿರುತ್ತಾರೆ, ಗಾಬರಿಯಲ್ಲಿ ತಲೆಗೆ ಹೋಗಿರುವುದಿಲ್ಲ. ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆ ನಿಲ್ಲಿಸುವವರಿದ್ದಾರೆ. "ನಂದೂ ಹಂಗೇ ಇತ್ತವ್ವಾ, ಆರ್ ತಿಂಗಳ ನುಂಗೀನಿ, ಈಗ ನೋಡು" ಎನ್ನಲು ಓಣಿಯಲ್ಲಿ ಒಬ್ಬಾಕೆ ಇದ್ದರೆ ಆ ಕೋರ್ಸು ಪೂರ್ತಿಯಾಗುತ್ತದೆ. ರೋಗ ಗೆದ್ದ ಇಂಥವರಿಗೆ ತರಬೇತಿ ಕೊಟ್ಟು ಟಿಬಿ ಚಾಂಪಿಯನ್ ಎಂದು ಸರ್ಕಾರಿ ಕಾರ್ಯಕ್ರಮವೇ ಕರೆಯುತ್ತದೆ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ಇದ್ದ ನೆರವು 2024ರ ನವೆಂಬರ್‌ನಿಂದ 1,000 ರೂಪಾಯಿ ಆಗಿದೆ. ಆ ರೊಕ್ಕ ಖಾತೆಗೆ ಬರಲು ಯಾವ ಕಾಗದ ಬೇಕು ಎಂಬುದನ್ನೂ ಆಕೆಯೇ ಸರಿಯಾಗಿ ಹೇಳಬಲ್ಲಳು.

ಕಲಬುರಗಿ ಜಿಲ್ಲೆಗೆ ಅಂಟಿದ ಆನೆಕಾಲು ರೋಗದ್ದು ಇನ್ನೊಂದು ಕಥೆ. ಕಾಸರಗೋಡಿನಲ್ಲಿ ಡಾ. ಎಸ್.ಆರ್. ನರಹರಿ ಮುನ್ನಡೆಸಿದ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆ ಆಯುರ್ವೇದ, ಯೋಗ, ಆಧುನಿಕ ವೈದ್ಯ ಮೂರನ್ನೂ ಕೂಡಿಸಿದ ಆರೈಕೆಯನ್ನು ಕಲಬುರಗಿ ಮತ್ತು ಕೇರಳದ ಆಲಪ್ಪುಳ ಜಿಲ್ಲೆಗಳ ಜನರಿಗೆ ಕಲಿಸಿತು. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕಾಲನ್ನು ದಿನವೂ ಸೋಪಿನಿಂದ ತೊಳೆದು, ಬೆರಳ ಸಂದಿಯ ನೀರು ಒರೆಸಿ, ಪಟ್ಟಿ ಸುತ್ತಿ, ವ್ಯಾಯಾಮ ಮಾಡುವುದು. ಇದು ಒಂದು ವಾರದ ಪಥ್ಯವಲ್ಲ, ಬದುಕಿನುದ್ದದ ಕೆಲಸ. ಹತ್ತು ವರ್ಷ ಸೀರೆಯ ನೆರಿಗೆಯಲ್ಲಿ ಕಾಲು ಮುಚ್ಚಿಕೊಂಡು ಬದುಕಿದ ಹೆಂಗಸಿಗೆ ಪಕ್ಕದಲ್ಲಿ ಇನ್ನೊಂದು ಅಂಥದೇ ಕಾಲು ಕಂಡಾಗ ಆಗುವ ನಿರಾಳವನ್ನು ಯಾವ ಕರಪತ್ರವೂ ಕೊಡಲಾರದು.

ಇನ್ನು, ಬಿಟ್ಟವರೆಲ್ಲ ಒಳ್ಳೆಯ ಜೊತೆಗಾರರಾಗುತ್ತಾರೆ ಎಂಬ ಭ್ರಮೆ ಬೇಡ. ಕೆಲವರು ಬಿಟ್ಟ ಮರುವರ್ಷವೇ ಪ್ರವಚನಕಾರರಾಗುತ್ತಾರೆ. ಅವರ ಮುಂದೆ ಕೂತವನು ಮತ್ತೆ ಶಾಲಾ ಹುಡುಗ. ಕೆಲವರಿಗೆ ತಾವು ಹಿಡಿದ ದಾರಿ ಬಿಟ್ಟರೆ ಬೇರೆ ದಾರಿಯೇ ಕಾಣದು. ಖಿನ್ನತೆಗೆ ಕೊಟ್ಟ ಮಾತ್ರೆಯನ್ನೂ ಚಟವೆಂದು ಬಿಡಿಸಲು ಹೋಗುತ್ತಾರೆ. ಇದು ಅಪಾಯ. ಒಳ್ಳೆಯ ಜೊತೆಗಾರನ ಗುರುತು ಅವನು ಎಷ್ಟು ಕೇಳುತ್ತಾನೆ ಎಂಬುದರಲ್ಲಿದೆ. ಇಂಥವರಿಗೆ ಸಂಬಳ ಕೊಡಬೇಕೆ ಎಂಬ ಚರ್ಚೆಯೂ ಇದೆ. ಬಸ್ ಚಾರ್ಜು, ಒಂದು ದಿನದ ಕೂಲಿ ಕೊಡಿ ಎನ್ನುತ್ತೇನೆ. ತಿಂಗಳಿಗಿಷ್ಟು ಜನ ಎಂದು ಗುರಿ ಕೊಟ್ಟು ಫಾರಂ ತುಂಬಿಸಹೊರಟರೆ ಅವರು ಇನ್ನೊಬ್ಬ ನೌಕರರಾಗಿಬಿಡುತ್ತಾರೆ.

ಕುಡಿದವನಿಗೆ ಜೊತೆ ಸಿಕ್ಕಿತು; ಅವನ ಹೆಂಡತಿಗೆ? ಅಮೆರಿಕದಲ್ಲಿ ಬಿಲ್‌ನ ಹೆಂಡತಿ ಲೊಯಿಸ್ ಇದನ್ನು ಕೇಳಿದ್ದರಿಂದಲೇ 1951ರಲ್ಲಿ ಮನೆಯವರಿಗಾಗಿ ಆಲ್-ಅನಾನ್ ಹುಟ್ಟಿತು. ನಮ್ಮಲ್ಲಿ ಆ ಹೆಸರಿನ ಗುಂಪು ಹಳ್ಳಿಗೆ ಬಂದಿಲ್ಲ, ಆದರೆ ಸ್ವಸಹಾಯ ಸಂಘ ಬಂದಿದೆ. ಕಂತು, ಬಡ್ಡಿ, ಠರಾವು ಎಲ್ಲ ಪುಸ್ತಕದಲ್ಲಿ ಬರೆಯುವ ಮಾತು. ಸಭೆಗೆ ಮುಂಚಿನ ಅರ್ಧ ತಾಸಿನಲ್ಲಿ ಯಾರ ಮನೆಯಲ್ಲಿ ರಾತ್ರಿ ಏನಾಯಿತು ಎಂಬ ಮಾತು ನಡೆದಿರುತ್ತದೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧವಾದ ಮೇಲೆ ಪಾಕೀಟು ಹೋಗಿ ಅಗ್ಗದ ವಿಸ್ಕಿ ಬಂತು, ಅದು ಕಿರಾಣಿ ಅಂಗಡಿಯವರೆಗೂ ಬಂತು ಎಂದು ಮೊದಲು ಕೂಗಿ ಹೇಳಿದವರು ಈ ಹೆಂಗಸರೇ. 2019ರ ಜನವರಿಯಲ್ಲಿ ಪೂರ್ತಿ ಮದ್ಯ ನಿಷೇಧ ಕೇಳುತ್ತ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದವರಲ್ಲಿ ನಮ್ಮ ಭಾಗದವರೂ ಇದ್ದರು. ನಿಷೇಧ ಬಂದೀತೋ ಇಲ್ಲವೋ, ಅದು ಬೇರೆ ಲೇಖನದ ವಿಷಯ. ಸಂಘದ ಆ ಅರ್ಧ ತಾಸಿಗೆ ಮಾತ್ರ ಸರ್ಕಾರದ ಅಪ್ಪಣೆ ಬೇಕಿಲ್ಲ.

ಶಿಬಿರ ಯಾವಾಗ ಇಡಬೇಕು ಎಂಬುದರಲ್ಲೂ ಊರಿನವರಿಗೆ ಇರುವ ತಿಳಿವಳಿಕೆ ಹೊರಗಿನವರಿಗೆ ಇರುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ. ಭೂಸನೂರು, ಹಾವಳಗಾ ಕಡೆ ಕಬ್ಬು ನುರಿಸುವ ಹಂಗಾಮೂ ಅದೇ. ಕೈಯಲ್ಲಿ ರೊಕ್ಕ ಇರುವ ತಿಂಗಳುಗಳವು, ಜೊತೆಗಾರ ಹೆಚ್ಚು ಬೇಕಾಗುವುದೂ ಆಗಲೇ. ಬೇಸಿಗೆಗೆ ಅರ್ಧ ಊರು ಪುಣೆ, ಮುಂಬೈ, ಸೋಲಾಪುರದ ದಾರಿ ಹಿಡಿದಿರುತ್ತದೆ. ಹಾಗೆ ಹೋದವರಿಗೊಂದು ಅನುಕೂಲವೂ ಇದೆ. ಮುಂಬೈಯಲ್ಲಿ ಎ.ಎ. ಸಭೆಗಳು ಮರಾಠಿ, ಹಿಂದಿಯಲ್ಲಿ ನಡೆಯುತ್ತವೆ, ಆಳಂದ ಕಡೆಯವನಿಗೆ ಮರಾಠಿ ಬಿಡಿಸಿ ಹೇಳಬೇಕಾಗಿಲ್ಲ. ಫೀಸಿಲ್ಲ, ರಿಜಿಸ್ಟರ್ ಸಹಿಯಿಲ್ಲ, ಕುಡಿಯುವುದನ್ನು ನಿಲ್ಲಿಸುವ ಆಸೆ ಇದ್ದರೆ ಸಾಕು. ಕಟ್ಟಡದ ಕೆಲಸ ಮುಗಿಸಿ ಮಳೆಗಾಲಕ್ಕೆ ಊರಿಗೆ ಬಂದವನು ಅಲ್ಲಿ ಕಂಡದ್ದನ್ನು ಇಲ್ಲಿ ಶುರು ಮಾಡಬಹುದು. ಗುಂಪು ಎನ್ನಿಸಿಕೊಳ್ಳಲು ಎ.ಎ. ನಿಯಮದ ಪ್ರಕಾರ ಇಬ್ಬರು ಮೂವರು ಸಾಕು. ಶಾಲೆಯ ಒಂದು ಕೋಣೆ, ವಾರಕ್ಕೊಂದು ಸಂಜೆ, ಚಹಾದ ಖರ್ಚಿಗೆ ಅವರವರೇ ಹಾಕುವ ಚಿಲ್ಲರೆ.