ಕತ್ತಿವರಸೆಯ ಹಳೇ ಚಿತ್ರ, ಮಲೆನಾಡಿನ ಒದ್ದೆ ಗೋಡೆ

ಸಕಲೇಶಪುರ, ಆಲೂರು ಕಡೆ ‘ಫೆನ್ಸಿಂಗ್’ ಅಂದ್ರೆ ಯಾರಿಗಾದ್ರೂ ಮೊದಲು ನೆನಪಾಗೋದು ಸೋಲಾರ್ ಬೇಲಿ, ಕಾಫಿ ತೋಟ, ಆನೆ. ಇವತ್ತಿನ ಮಾತು ಆ ಫೆನ್ಸಿಂಗ್ ಬಗ್ಗೆ ಅಲ್ಲ, ಕತ್ತಿವರಸೆ ಬಗ್ಗೆ. ಸರಿಯಾಗಿ ಹೇಳಬೇಕಂದ್ರೆ, ಕತ್ತಿವರಸೆಯನ್ನ ತಾಮ್ರದ ತಗಡಿನ ಮೇಲೆ ಕೊರೆದು ಕಾಗದಕ್ಕೆ ಅಚ್ಚೊತ್ತಿದ ಹಳೇ ಚಿತ್ರಗಳು, ಅಂದ್ರೆ ಎನ್‌ಗ್ರೇವಿಂಗ್‌ಗಳ ಬಗ್ಗೆ. ಹೋಮ್‌ಸ್ಟೇಗೋ ಎಸ್ಟೇಟ್ ಬಂಗಲೆಗೋ ಇಂಥದ್ದೊಂದು ಹಾಕೋ ಆಸೆ ಇದ್ರೆ, ದುಡ್ಡು ಕೊಡೋ ಮುಂಚೆ ಇದನ್ನ ಕೇಳಿ.

ಈ ಜಾತಿಯ ಚಿತ್ರಗಳಲ್ಲಿ ಎಲ್ಲರಿಗೂ ಗೊತ್ತಿರೋ ಹೆಸರು ಡೊಮೆನಿಕೊ ಆಂಜೆಲೊ. ಇಟಲಿಯಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಕತ್ತಿವರಸೆ ಗುರು. 1763ರಲ್ಲಿ ಆತ ತಂದ ಪುಸ್ತಕದಲ್ಲಿ 47 ಚಿತ್ರಫಲಕಗಳಿದ್ವು. ಪಾದ ಎಲ್ಲಿಡಬೇಕು, ಮಣಿಕಟ್ಟು ಹೇಗೆ ತಿರುಗಬೇಕು, ಎಲ್ಲಾ ಅದರಲ್ಲಿದೆ. ಫ್ರಾನ್ಸಿನ ದಿದೆರೊ ತನ್ನ ವಿಶ್ವಕೋಶಕ್ಕೂ ಇವನ್ನೇ ಬಳಸಿಕೊಂಡ. ಮಾರುಕಟ್ಟೆಯಲ್ಲಿ ಇಂಥ ಹಾಳೆಗಳು ಬಿಡಿಬಿಡಿಯಾಗಿ ಯಾಕೆ ಸಿಗುತ್ತೆ ಅಂದ್ರೆ, ಎಷ್ಟೋ ಪುಸ್ತಕಗಳನ್ನ ಬಿಚ್ಚಿ ಮಾರಿದ್ದಾರೆ. ಇಡೀ ಪುಸ್ತಕಕ್ಕಿಂತ ಒಂದೊಂದೇ ಹಾಳೆ ಮಾರಿದ್ರೆ ಒಟ್ಟು ಜಾಸ್ತಿ ಬರುತ್ತೆ ಅನ್ನೋ ಲೆಕ್ಕ. ಬಿ.ಕಾಂ ಓದಿದವನಿಗೆ ಈ ಲೆಕ್ಕ ಅರ್ಥ ಆಗುತ್ತೆ, ಆದ್ರೂ ಹೊಟ್ಟೆ ಉರಿಯುತ್ತೆ. ಪೂರ್ತಿ ಪುಸ್ತಕ ಸಿಕ್ಕಿದ್ರೆ ದಯವಿಟ್ಟು ಹಾಗೇ ಇಟ್ಕೊಳ್ಳಿ.

ಕತ್ತಿ ಇರೋ ಚಿತ್ರ ನಮ್ಮ ಊರಿಗೇ ಹತ್ತಿರದ್ದು ಬೇಕು ಅಂದ್ರೆ, ಶ್ರೀರಂಗಪಟ್ಟಣದ ಯುದ್ಧದ ಚಿತ್ರಗಳಿವೆ. 1799ರ ಮೇ 4ರಂದು ಟಿಪ್ಪು ಸುಲ್ತಾನ್ ಸತ್ತ ಮೇಲೆ ಲಂಡನ್ನಿನಲ್ಲಿ ಇವುಗಳಿಗೆ ಭಾರಿ ಬೇಡಿಕೆ ಬಂತು. ಹೆನ್ರಿ ಸಿಂಗಲ್ಟನ್ ಬಿಡಿಸಿದ ಟಿಪ್ಪುವಿನ ಕೊನೆಯ ಹೋರಾಟ, ರಾಬರ್ಟ್ ಕೆರ್ ಪೋರ್ಟರ್ ಬಿಡಿಸಿದ ಕೋಟೆಯ ಮುತ್ತಿಗೆ, ಎರಡೂ ಅಚ್ಚಾಗಿ ಮನೆಮನೆ ಸೇರಿದ್ವು. ಇಬ್ಬರೂ ಇವನ್ನ ಬಿಡಿಸಿದ್ದು ಲಂಡನ್ನಿನಲ್ಲಿ ಕೂತು. ಗೆದ್ದವರ ಊರಿನಲ್ಲಿ, ಗೆದ್ದವರಿಗಾಗಿ ಬಿಡಿಸಿದ ಚಿತ್ರ ಅದು. ಸಕಲೇಶಪುರದ ಹತ್ತಿರವೇ ಟಿಪ್ಪು 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆ ಇದೆ, ಎಂಟು ಮೂಲೆಯ ನಕ್ಷತ್ರದ ಹಾಗೆ. ಅದನ್ನ ನೋಡಿ ಬಂದ ಅತಿಥಿ ನಿಮ್ಮ ಹಾಲ್‌ನಲ್ಲಿ ಈ ಚಿತ್ರ ನೋಡಿದ್ರೆ, ಯಾರು, ಎಲ್ಲಿ ಕೂತು ಬಿಡಿಸಿದ್ದು ಅಂತ ಕೆಳಗೊಂದು ಚೀಟಿ ಇರಲಿ. ಇಲ್ಲದಿದ್ರೆ ಕಣ್ಣಾರೆ ಕಂಡು ಬರೆದದ್ದು ಅಂದ್ಕೊಂಡು ಹೋಗ್ತಾರೆ.

ಅಸಲಿನಾ ನಕಲಿನಾ? ಹತ್ತು ಪಟ್ಟು ದೊಡ್ಡದು ಮಾಡೋ ಭೂತಗನ್ನಡಿ ಸಾಕು. ಈಗಿನ ಆಫ್‌ಸೆಟ್ ಮುದ್ರಣದಲ್ಲಿ ಬಣ್ಣದ ಚುಕ್ಕಿಗಳು ಸಾಲಾಗಿ, ಒಂದೇ ಅಂತರದಲ್ಲಿ ಕಾಣುತ್ತೆ. ತಾಮ್ರದ ಅಚ್ಚಿನಲ್ಲಿ ಗೆರೆ ದಪ್ಪ ಆಗ್ತಾ ಸಣ್ಣ ಆಗ್ತಾ ಹೋಗುತ್ತೆ. ಚುಕ್ಕಿಯಿಂದಲೇ ಕೊರೆದ ಹಳೇ ಚಿತ್ರಗಳೂ ಇವೆ, ಆದ್ರೆ ಆ ಚುಕ್ಕಿಗಳು ಹಾಗೆ ಯಂತ್ರದ ಲೆಕ್ಕದಲ್ಲಿ ಕೂತಿರಲ್ಲ. ಚಿತ್ರದ ಸುತ್ತ ತಗಡು ಒತ್ತಿದ ತಗ್ಗು ಬೆರಳಿಗೆ ಸಿಗಬೇಕು. ಅಂಚು ಕತ್ತರಿಸಿದ್ರೆ ಸಿಗಲ್ಲ, ಆಗ ಬೆಲೆಯೂ ಇಳೀಬೇಕು. ಚೌಕಾಸಿ ಅಲ್ಲಿ ಮಾಡಿ. ಫ್ರೇಮ್ ಬಿಚ್ಚಿ ತೋರಿಸಲ್ಲ ಅನ್ನೋ ಅಂಗಡಿಯವರಿಂದ ತಗೋಬೇಡಿ.

ಈಗ ಮುಖ್ಯ ವಿಷಯ. ನಮ್ಮ ಬೆಟ್ಟದಲ್ಲಿ ಚಿತ್ರ ಹಾಳಾಗೋದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಹಿಂದಿನಿಂದ. ಮಳೆ ಬಡಿಯೋ ಹೊರಗೋಡೆ ನೀರು ಕುಡಿಯುತ್ತೆ, ಅದಕ್ಕೆ ಅಂಟಿಕೊಂಡ ಫ್ರೇಮ್ ಆ ತೇವ ಎಳ್ಕೊಳ್ಳುತ್ತೆ. ಮೊದಲು ಕಂದು ಚುಕ್ಕೆ, ಆಮೇಲೆ ಬೂಷ್ಟು. ಅದಕ್ಕೇ ಮನೆಯ ಒಳಗೋಡೆಗೆ ಮಾತ್ರ ಹಾಕಿ, ಬಿಸಿಲು ನೇರ ಬೀಳದ ಕಡೆ. ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ಚೂರು ಅಂಟಿಸಿ, ಗಾಳಿ ಆಡಲಿ. ಗಾಜು ಕಾಗದಕ್ಕೆ ತಾಗಬಾರದು. ನಡುವೆ ಆಮ್ಲ ಇಲ್ಲದ ಮೌಂಟ್ ಬೋರ್ಡ್ ಕೇಳಿ ಹಾಕಿಸಿ. ಫ್ರೇಮ್ ಅಂಗಡಿಯಲ್ಲಿ ಮಾಮೂಲಿ ರಟ್ಟು, ಪ್ಲೈವುಡ್ ಹಾಕಿಬಿಡ್ತಾರೆ, ಕೆಲವೇ ವರ್ಷದಲ್ಲಿ ಕಾಗದ ಚಹಾದ ಬಣ್ಣಕ್ಕೆ ತಿರುಗುತ್ತೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಸೆಲ್ಲೋಟೇಪೂ ಬೇಡ.

ಮಳೆಗಾಲಕ್ಕೆ ಇಳಿಸಿಡ್ತೀರಾ? ಒಳ್ಳೇದು. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬೀರುವಿನಲ್ಲಿ ಚಪ್ಪಟೆಯಾಗಿ ಇಡಿ, ಪೊಟ್ಟಣ ಆಗಾಗ ಬದಲಾಯಿಸಿ. ಬಟ್ಟೆಗೆ ಬೂಷ್ಟು ಹಿಡೀಬಾರದು ಅಂತ ಕೆಲವರು ಬೀರುವಿನಲ್ಲಿ ಬಲ್ಬ್ ಉರಿಸ್ತಾರಲ್ಲ, ಅದನ್ನ ಇಲ್ಲಿ ಮಾಡಬೇಡಿ. ಬೂಷ್ಟು ಆಗಲೇ ಬಂದಿದ್ರೆ ಒದ್ದೆ ಬಟ್ಟೇಲಿ ಒರೆಸಬೇಡಿ, ಒಣ ಜಾಗಕ್ಕೆ ಸಾಗಿಸಿ, ಕಾಗದ ಸಂರಕ್ಷಣೆ ಗೊತ್ತಿರೋರಿಗೆ ತೋರಿಸಿ.

ಇನ್ನೊಂದು, ವಿದೇಶದಲ್ಲಿರೋ ಮಕ್ಕಳಿಗೆ ಕೊಟ್ಟು ಕಳಿಸೋ ಯೋಚನೆ ಇರೋರಿಗೆ. ನೂರು ವರ್ಷ ದಾಟಿದ ಕಲಾಕೃತಿಗಳು 1972ರ ಪುರಾವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತೆ, ಅನುಮತಿ ಇಲ್ಲದೆ ದೇಶದ ಆಚೆ ಹೋಗುವಂತಿಲ್ಲ. ಸೂಟ್‌ಕೇಸಿಗೆ ಹಾಕೋ ಮುಂಚೆ ಭಾರತೀಯ ಪುರಾತತ್ವ ಸರ್ವೇಕ್ಷಣೆ ಇಲಾಖೆಯಲ್ಲಿ ವಿಚಾರಿಸಿ.