ಗೋಡೆ ದಾಟುವ ಬೇಸ್

ಹೈದರಾಬಾದಿನ ಮಿಯಾಪುರದಲ್ಲಿ ಬರಾತ್ ಅಂದರೆ ಮದುವೆ ಮೆರವಣಿಗೆಯ ಲಾರಿಯ ಡಿಜೆಗೂ ಲಂಡನ್ನಿನ ಡಬ್‌ಸ್ಟೆಪ್ ಡಿಜೆಗೂ ಮೊದಲ ಪಾಠ ಒಂದೇ: ಎರಡು ಹಾಡಿನ ಬೇಸ್ ಒಟ್ಟಿಗೆ ಬಿಡಬಾರದು. ಬಿಟ್ಟರೆ ಎಲ್ಲ ಕಲಸುಮೇಲೋಗರ. ಹಾಗಾಗಿ ಹೊಸ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ, ವೇಗ ಕೂಡಿಸಿ, ಅದರ ಬೇಸ್ ಹಿಡಿತದ ‘ಲೋ’ ಗುಂಡಿಯನ್ನು ಪೂರ್ತಿ ಇಳಿಸಿಯೇ ಒಳಗೆ ಬಿಡುತ್ತಾರೆ. ಒಂದಷ್ಟು ಹೊತ್ತು ಎರಡೂ ಜೊತೆಗೆ ಓಡುತ್ತವೆ. ಆಮೇಲೆ ಒಂದು ಕೈ ಹಳೆಯದರ ಬೇಸ್ ಇಳಿಸಿದ ಗಳಿಗೆಯಲ್ಲೇ ಇನ್ನೊಂದು ಕೈ ಹೊಸದರದ್ದನ್ನು ಏರಿಸುತ್ತದೆ. ಜನ ಕೂಗುವುದು ಆಗಲೇ.

ಡಬ್‌ಸ್ಟೆಪ್‌ನ ವೇಗ ನಿಮಿಷಕ್ಕೆ ಸುಮಾರು 140 ಬೀಟ್. ಆದರೆ ಸ್ನೇರ್ ಏಟು ಮೂರನೆಯ ಬೀಟಿಗೆ ಮಾತ್ರ ಬೀಳುವುದರಿಂದ ಮೈ 70ರ ಲೆಕ್ಕದಲ್ಲಿ ತೂಗುತ್ತದೆ. ನಡುವೆ ಉಳಿಯುವ ಜಾಗವೆಲ್ಲ ಬೇಸ್‌ನದು.

ಹಾಡಿನೊಳಗೆ ಹೀಗೆ ಜಾಗ ತೆರವು ಮಾಡುವುದನ್ನು ಕಲಿಸಿದ್ದು ಜಮೈಕಾದ ಕಿಂಗ್‌ಸ್ಟನ್. ಎಲೆಕ್ಟ್ರಾನಿಕ್ಸ್ ರಿಪೇರಿಯ ಕಿಂಗ್ ಟಬ್ಬಿ 1970ರ ದಶಕದಲ್ಲಿ ರೆಗೆ ಹಾಡುಗಳ ದನಿ ತೆಗೆದು, ಡ್ರಮ್ಮು ಬೇಸು ಉಳಿಸಿ, ಪ್ರತಿಧ್ವನಿ ಬೆರೆಸಿದ. ಅದೇ ಡಬ್. ವಲಸಿಗರ ಜೊತೆ ಸೌಂಡ್ ಸಿಸ್ಟಮ್ ಲಂಡನ್ ಸೇರಿತು. ಈ ಶತಮಾನದ ಆರಂಭದಲ್ಲಿ ಕ್ರಾಯ್ಡನ್‌ನ ಬಿಗ್ ಆಪಲ್ ರೆಕಾರ್ಡ್ಸ್ ಅಂಗಡಿಯ ಸುತ್ತ ಹ್ಯಾಚಾ, ಸ್ಕ್ರೀಮ್, ಬೆಂಗಾ ಮೊದಲಾದ ಡಬ್‌ಸ್ಟೆಪ್ ಹುಡುಗರ ಗುಂಪು ಕಟ್ಟಿತು. ಅವರ ಹೊಸ ಟ್ರ್ಯಾಕುಗಳು ಅಸಿಟೇಟ್ ತಟ್ಟೆಯಲ್ಲಿ ಇಳಿಯುತ್ತಿದ್ದವು. ಡಬ್‌ಪ್ಲೇಟ್ ಎನ್ನುವ ಈ ತಟ್ಟೆ ನುಡಿಸಿದಷ್ಟೂ ಸವೆಯುತ್ತದೆ. ಹಾಡು ಬೇಕಿದ್ದರೆ ಆ ಡಿಜೆ ಇದ್ದಲ್ಲಿಗೇ ಹೋಗಬೇಕು.

2005ರಲ್ಲಿ ಮಾಲಾ, ಕೋಕಿ, ಲೋಫಾ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಡಿಎಮ್‌ಜೆಡ್ ಎಂಬ ಡಬ್‌ಸ್ಟೆಪ್ ರಾತ್ರಿಗಳನ್ನು ಶುರು ಮಾಡಿದರು. ಕ್ಲಬ್ ಇದ್ದದ್ದು ಚರ್ಚಿನ ಕಟ್ಟಡದಲ್ಲಿ! ಬೆಳಕು ಕಡಿಮೆ, ಸದ್ದು ಜಾಸ್ತಿ. ಜನಕ್ಕೆ ಹಾಡು ಹಿಡಿಸಿತೋ, ಡಿಜೆ ತಟ್ಟೆಯನ್ನು ಸರ್ರನೆ ಹಿಂದಕ್ಕೆಳೆದು ಮತ್ತೆ ಮೊದಲಿಂದ. ಇದೂ ಜಮೈಕಾದ ಚಾಳಿಯೇ. ಅಮೆರಿಕದ ಸ್ಕ್ರಿಲೆಕ್ಸ್ 2012ರಲ್ಲಿ ಗ್ರ್ಯಾಮಿ ಬಾಚಿಕೊಳ್ಳುವಷ್ಟರಲ್ಲಿ ಆ ಖಾಲಿ ಜಾಗ ಮುಚ್ಚಿಹೋಗಿ ಮರ ಕೊಯ್ಯುವ ಗರಗಸದ ಸದ್ದು ತುಂಬಿತ್ತು. ನನಗಂತೂ ಹಳೆಯದೇ ಚೆಂದ.

ನಮ್ಮಲ್ಲಿ ಡಬ್‌ಸ್ಟೆಪ್ ಅನ್ನು ಬೀದಿಗಿಳಿಸಿದವರಲ್ಲಿ ನ್ಯೂಕ್ಲಿಯಾ, ಅಂದರೆ ಉದ್ಯಾನ್ ಸಾಗರ್, ಮುಖ್ಯ. ಮೆರವಣಿಗೆಯ ಬ್ಯಾಂಡಿಗೆ ಈ ಬೇಸ್ ಜೋಡಿಸಿದ ಅವರ ‘ಬೇಸ್ ರಾಣಿ’ ಆಲ್ಬಮ್ 2015ರಲ್ಲಿ ಹೊರಬಂದದ್ದು ಗಣೇಶನ ಹಬ್ಬದ ದಿನಗಳಲ್ಲೇ. ಹೈದರಾಬಾದಿನಲ್ಲಿ ತೀನ್‌ಮಾರ್ ಎಂಬ ಮೆರವಣಿಗೆ ಕುಣಿತದ ತಾಳಕ್ಕೆ ಮಿಕ್ಸ್ ಹಾಕುವ ಹುಡುಗರಿಗೆ ಡಬ್‌ಸ್ಟೆಪ್ ಹೆಸರು ಬೇಕಿಲ್ಲ. ದೊಡ್ಡ ಸಬ್‌ವೂಫರ್ ಇದ್ದರಾಯಿತು.

2024ರ ಅಕ್ಟೋಬರಿನಲ್ಲಿ ಹೈದರಾಬಾದ್ ಪೊಲೀಸರು ಧಾರ್ಮಿಕ ಮೆರವಣಿಗೆಗಳಲ್ಲಿ ಡಿಜೆ ನಿಷೇಧಿಸಿದರು. ಆಗ ಮಿಯಾಪುರ ಇದ್ದದ್ದು ಸೈಬರಾಬಾದ್ ಕಮಿಷನರೇಟಿನಲ್ಲಿ, ಆ ಆದೇಶದ ಗಡಿಯಾಚೆ. ಆದರೆ 2000ದ ಶಬ್ದಮಾಲಿನ್ಯ ನಿಯಮಗಳು ಎಲ್ಲ ಕಡೆಗೂ ಒಂದೇ: ಜನವಸತಿಯಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ಅಳತೆ ಮಾತ್ರ ಮನುಷ್ಯನ ಕಿವಿಯ ಲೆಕ್ಕದ್ದು. ಕಿವಿಗೆ ಮಂದವಾಗಿ ಕೇಳುವ 50 ಹರ್ಟ್ಜ್‌ನ ಬೇಸ್ ಸದ್ದಿನಲ್ಲಿ ಶಬ್ದಮಾಪಕ ಸುಮಾರು 30 ಡೆಸಿಬಲ್ ಕಳೆದೇ ತೋರಿಸುತ್ತದೆ. ಆ ಸದ್ದಿನ ಒಂದು ಅಲೆಯ ಉದ್ದ ಹೆಚ್ಚುಕಮ್ಮಿ 7 ಮೀಟರ್. ಗಾಯಕಿಯ ದನಿಯನ್ನು ತಡೆಯುವ ಫ್ಲ್ಯಾಟಿನ ಗೋಡೆಗೆ ಅದನ್ನು ತಡೆಯುವುದು ಕಷ್ಟ.