ಉಬ್ಬಿದ ಗೆರೆಯ ಜಾಡಿನಲ್ಲಿ

ಭೀಮನಬೀಡಿನ ಅಂಗಡಿ ಜಗಲಿಯಲ್ಲಿ ಗರಿಗರಿಯಾದ ಐನೂರರ ನೋಟು ಕೈಗೆ ಬಂದರೆ ಕಣ್ಣು ಮುಚ್ಚಿ ಒಮ್ಮೆ ಸವರಿ. ಗಾಂಧೀಜಿಯ ಮುಖ ಬೆರಳಿಗೆ ತಗಲುತ್ತದೆ. ಅಂಚಿನಲ್ಲಿ ಐದು ಓರೆಗೆರೆ, ನೂರರದಾದರೆ ನಾಲ್ಕು. ಕಣ್ಣು ಕಾಣದವರಿಗೆಂದೇ ಇಟ್ಟ ಗುರುತು ಅವು. ನಂಜನಗೂಡು ದಾಟಿದರೆ ಮೈಸೂರು. 1996ರಿಂದ ಅಲ್ಲಿ ನೋಟು ಅಚ್ಚಾಗುತ್ತಿದೆ. ಉಬ್ಬುಗೆರೆಯ ವಿದ್ಯೆಗೆ ಮಾತ್ರ ಐನೂರು ವರ್ಷಕ್ಕೂ ಹೆಚ್ಚು ವಯಸ್ಸು.

ತಾಮ್ರಶಾಸನ ಕಂಡವರಿಗೆ ಇದರ ಅರ್ಧ ಕೆಲಸ ಗೊತ್ತು. ಶಾಸನದವನು ಓದಲೆಂದು ಕೊರೆದ. ಅಚ್ಚಿಗೆ ಕೊರೆಯುವವನು ಎಡಬಲ ತಿರುವಿ, ಕನ್ನಡಿಯಲ್ಲಿ ಕಂಡಂತೆ ಕೊರೆಯುತ್ತಾನೆ. ಉಳಿಯ ಹಿಡಿ ಅಂಗೈಯೊಳಗೆ. ಸುತ್ತಿಗೆ ಇಲ್ಲ, ಬರೀ ಒತ್ತು. ಗೆರೆ ಬಾಗಬೇಕಾದಲ್ಲಿ ಕೈಗಿಂತ ಹೆಚ್ಚಾಗಿ ತಗಡೇ ತಿರುಗುತ್ತದೆ. ಮಸಿ ಬಳಿದು ಮೇಲ್ಮೈ ಒರೆಸಿದಾಗ ಗೀರಿನೊಳಗಿನ ಮಸಿಯಷ್ಟೇ ಉಳಿಯುತ್ತದೆ. ಒದ್ದೆ ಕಾಗದ ಹಾಸಿ ಉರುಳೆಯಡಿ ಒತ್ತಿದರೆ ಅದು ಗೀರಿನೊಳಕ್ಕೆ ಇಳಿದು ಮಸಿಯನ್ನು ಎತ್ತಿಕೊಂಡು ಬರುತ್ತದೆ.

ಉಳಿಗೆ ನೆರಳು ಬಳಿಯಲು ಬರುವುದಿಲ್ಲ. ಕೆನ್ನೆಯ ಉಬ್ಬು, ಕಣ್ಣಡಿಯ ಕಪ್ಪು ಎಲ್ಲವೂ ಗೆರೆಯ ದಪ್ಪದಲ್ಲಿ, ತೆಳುವಿನಲ್ಲಿ ಮೂಡಬೇಕು. ಹಾಗಾಗಿ ನೋಟು ಕೆತ್ತುವವನು ಕೂಡಿಟ್ಟ ಹಳೆಯ ಅಚ್ಚುಗಳು ನನ್ನ ಕಣ್ಣಿಗೆ ಅವನ ಪಾಠಪುಸ್ತಕಗಳೇ. ಫ್ರಾನ್ಸಿನ ಕ್ಲಾಡ್ ಮೆಲಾನ್ 1649ರಲ್ಲಿ ಕ್ರಿಸ್ತನ ಮುಖವನ್ನು ಮೂಗಿನ ತುದಿಯಿಂದ ಹೊರಟು ಸುತ್ತುತ್ತಾ ಹೋಗುವ ಒಂದೇ ಗೆರೆಯಲ್ಲಿ ತೆಗೆದ! ಎಳೆ ಕಡಿಯದಂತೆ ಚುಕ್ಕಿ ಸುತ್ತಿ ರಂಗೋಲಿ ಹಾಕುವವರಿಗೆ ಆ ಧೈರ್ಯ ತಿಳಿದೀತು. ರಂಗೋಲಿ ತಪ್ಪಿದರೆ ಅಳಿಸಬಹುದು. ತಾಮ್ರದಲ್ಲಿ ತಪ್ಪಿದ್ದನ್ನು ಕೆರೆದು, ತಗಡನ್ನು ಹಿಂದಿನಿಂದ ಬಡಿದು ಮಟ್ಟ ಮಾಡಬೇಕು.

ನೋಟು ಕೆತ್ತುವವನ ಬಳಿ ಇದ್ದದ್ದೆಂದು ಯಾರಾದರೂ ಹಳೆಯ ಅಚ್ಚಿನ ಹಾಳೆ ತೋರಿಸಿದರೆ ಮೊದಲು ಅದರ ಬೆನ್ನು ನೋಡಬೇಕು. ಹಲವು ಸಂಗ್ರಾಹಕರು ಪುಟ್ಟ ಮೊಹರು ಒತ್ತುತ್ತಿದ್ದರು. ಆ ಮೊಹರುಗಳಿಗೆಂದೇ ಫ್ರಿಟ್ಸ್ ಲುಗ್ಟ್ 1921ರಲ್ಲಿ ಕೋಶ ಹೊರತಂದ. ಆಮೇಲೆ ಮಸೂರ. ಗೆರೆಯ ತುದಿ ಹುಲ್ಲೆಸಳಿನಂತೆ ಚೂಪಾಗಿದ್ದರೆ ಉಳಿಯ ಕೆಲಸ. ಮೊಂಡಾಗಿದ್ದರೆ ಬಹುಪಾಲು ಆಮ್ಲ ತಿಂದದ್ದು. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗೂ ಇರಬೇಕು, ಯಾರೂ ಕತ್ತರಿಸಿರದಿದ್ದರೆ.

ಇಂಥ ಹಳೆಯ ಅಚ್ಚು ನೋಡಲು ನಮ್ಮ ಸೀಮೆಯವರು ಎಲ್ಲಿಂದ ಶುರುಮಾಡಬೇಕು? ಟಿಪ್ಪುವಿನ ಮೇಲಿನ ಯುದ್ಧದಲ್ಲಿ ಕಾರ್ನ್‌ವಾಲಿಸನ ಸೇನೆಯೊಂದಿಗೆ ಬಂದ ರಾಬರ್ಟ್ ಹೋಂ ಬರೆದ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣಗಳ ಚಿತ್ರಗಳು 1794ರಲ್ಲಿ ಲಂಡನ್ನಿನಲ್ಲಿ ಕೆತ್ತನೆಯಾಗಿ ಅಚ್ಚಾದವು. ನಾನಾದರೆ ಸಾವನದುರ್ಗವನ್ನೇ ಆರಿಸುತ್ತೇನೆ. ಆ ಬೋಳು ಬಂಡೆಯ ಇಳಿಜಾರನ್ನೂ ಐನೂರರ ನೋಟಿನ ಹಣೆಯನ್ನೂ ಅಕ್ಕಪಕ್ಕ ಇಟ್ಟು ಒಂದೇ ಮಸೂರದಲ್ಲಿ ನೋಡಬೇಕು.